ಭಕ್ತಿಯ ಬದುಕು, ಭೋಗದ ಬದುಕು: ಸಭೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಕ್ರೈಸ್ತ ಸಭೆಗಳಲ್ಲಿ (ಚರ್ಚುಗಳಲ್ಲಿ) ಬೈಬಲ್ ಕ್ಲಾಸ್ ಮುಗಿದು ಚಹಾ ಬಂದ ಮೇಲೆಯೇ ನಿಜವಾದ ಪ್ರಶ್ನೆಗಳು ಹೊರಬರುತ್ತವೆ. ಕ್ಲಾಸಿನಲ್ಲಿ ಕೈ ಎತ್ತಿ ಕೇಳಲು ಸಂಕೋಚ. ಚಹಾದ ಕಪ್ಪು ಹಿಡಿದು ಪಕ್ಕಕ್ಕೆ ಕರೆದು ಕೇಳುತ್ತಾರೆ. ಹಾಗೆ ಕೇಳಿದವುಗಳಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಬರೆದಿದ್ದೇನೆ. ನಾನು ಸಭಾಪಾಲಕ ಅಲ್ಲ, ಯುವಕರ ಕ್ಲಾಸ್ ನಡೆಸುವ ಸಭೆಯ ಒಬ್ಬ ಸದಸ್ಯ. ಹಾಗಾಗಿ ಅಭಿಪ್ರಾಯ ನನ್ನದು. ವಚನ ಎಲ್ಲಿದೆ ಎಂದು ಬರೆದಿದ್ದೇನೆ, ತೆರೆದು ನೋಡಿ.

ಭೋಗ ಅಂದರೆ ಯಾವುದು? ಚೆನ್ನಾಗಿ ಉಂಡು ಉಟ್ಟರೆ ಪಾಪವಾ?

ಅಲ್ಲ. ಸುಮಾರು ಜನ ಇಲ್ಲೇ ಎಡವುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಾವು ಅನುಭವಿಸಲಿ ಎಂದೇ ದೇವರು ಎಲ್ಲವನ್ನೂ ಧಾರಾಳವಾಗಿ ಕೊಡುತ್ತಾನೆ ಎಂದು ಬರೆದದ್ದು ಮೊದಲ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನೇ (1 ತಿಮೊಥೆಯ 6:17). ಯೇಸು ಕಾನಾ ಊರಿನ ಮದುವೆಗೆ ಹೋದ, ಸುಂಕದವರ ಮನೆಯಲ್ಲಿ ಊಟಕ್ಕೆ ಕೂತ. ಆಗದವರು ಆತನನ್ನು ಹೊಟ್ಟೆಬಾಕ, ಕುಡುಕ ಎಂದು ಆಡಿಕೊಂಡರು (ಮತ್ತಾಯ 11:19). ಮುಖ ಸಿಂಡರಿಸಿಕೊಂಡು ಬದುಕಿದವರ ಬಗ್ಗೆ ಯಾರೂ ಹೀಗೆ ಆಡಿಕೊಳ್ಳುವುದಿಲ್ಲ, ಅಲ್ವಾ?

ಸುಖ ನಮ್ಮ ಕೈಯಲ್ಲಿ ಇರುವವರೆಗೆ ತೊಂದರೆ ಇಲ್ಲ. ನಾವು ಅದರ ಕೈಗೆ ಹೋದಾಗ ಅದು ಭೋಗ. ಯಾವುದರ ಅಧೀನಕ್ಕೂ ತಾನು ಒಳಗಾಗುವುದಿಲ್ಲ ಎಂದು ಪೌಲ ಹೇಳಿದ್ದು ಇದನ್ನೇ (1 ಕೊರಿಂಥ 6:12). ಕ್ಲಾಸಿನಲ್ಲಿ ನಾನು ಹುಡುಗರಿಗೆ ಎರಡು ಪ್ರಶ್ನೆ ಕೇಳುತ್ತೇನೆ. ಇದಿಲ್ಲದೆ ಒಂದು ವಾರ ಇರಬಲ್ಲೆಯಾ? ಇದರ ಬೆಲೆ ಯಾರು ಕೊಡುತ್ತಿದ್ದಾರೆ? ಎರಡನೆಯದೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಶನಿವಾರ ರಾತ್ರಿ ಗೆಳೆಯರ ಜೊತೆ ಎರಡು ಸಾವಿರ ರೂಪಾಯಿ ಖರ್ಚು ಮಾಡಿದ ಹುಡುಗ ಅದು ತನ್ನ ಸಂಬಳ ಎನ್ನುತ್ತಾನೆ. ಅದೇ ತಿಂಗಳು ಅವನ ಅವ್ವ ಮಂಡಿನೋವಿನ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತಿರುತ್ತಾಳೆ. ಮಗನಿಗೆ ಹೇಳಿರುವುದಿಲ್ಲ. ಬಿಲ್ ಕೊಟ್ಟವನು ಮಗ, ಬೆಲೆ ಕೊಟ್ಟವಳು ಅವ್ವ.

ಲೂಕ 16ರ ಐಶ್ವರ್ಯವಂತನನ್ನು ನೋಡಿ. ಅವನು ಕಳ್ಳತನ ಮಾಡಿದ ಎಂದು ಯೇಸು ಹೇಳಲೇ ಇಲ್ಲ. ದಿನಾಲೂ ಬೆಲೆಬಾಳುವ ಬಟ್ಟೆ, ದಿನಾಲೂ ಔತಣ. ಬಾಗಿಲಲ್ಲಿ ಹುಣ್ಣು ತುಂಬಿದ ಭಿಕ್ಷುಕ ಲಾಜರ. ಉಂಡದ್ದಕ್ಕಲ್ಲ, ಉಣ್ಣುತ್ತಾ ಉಣ್ಣುತ್ತಾ ಬಾಗಿಲ ಕಡೆ ನೋಡುವುದನ್ನೇ ಬಿಟ್ಟದ್ದಕ್ಕೆ ಅವನ ಕಥೆ ಪಾತಾಳದ ಯಾತನೆಯಲ್ಲಿ ಮುಗಿಯಿತು ಎಂದು ನಾನು ಓದಿಕೊಳ್ಳುತ್ತೇನೆ.

ನಂಬಿಕೆಯಿಂದಲೇ ರಕ್ಷಣೆ ಅಂದ ಮೇಲೆ ನಡತೆಯ ಮಾತು ಯಾಕೆ?

ಕೃಪೆ ಸುಮ್ನೆ ಕ್ಷಮಿಸಿ ಕಳಿಸುವುದಿಲ್ಲ, ಕಲಿಸುತ್ತದೆ. ತೀತ 2:11-12 ಓದಿ. ದೇವರ ಕೃಪೆ ಬಂದು ನಮಗೆ ಲೋಕದ ಆಶೆಗಳನ್ನು ಬಿಡಲು, ಹಿಡಿತದಿಂದ, ನೀತಿಯಿಂದ, ಭಕ್ತಿಯಿಂದ ಬದುಕಲು ಪಾಠ ಹೇಳುತ್ತದೆ ಎಂದಿದೆ. ಪೌಲನ ಈ ಪತ್ರ ಹೋದದ್ದು ಕ್ರೇತ ದ್ವೀಪದಲ್ಲಿದ್ದ ಅವನ ಜೊತೆ ಕೆಲಸಗಾರ ತೀತನಿಗೆ. ಆ ಊರಿನವರು ಸುಳ್ಳುಗಾರರು, ಸೋಮಾರಿ ಹೊಟ್ಟೆಬಾಕರು ಎಂದು ಅವರದೇ ಊರಿನವನೊಬ್ಬ ಬೈದಿದ್ದನ್ನು ಪೌಲ ಅದೇ ಪತ್ರದ ಮೊದಲ ಅಧ್ಯಾಯದಲ್ಲಿ ಬರೆದಿದ್ದಾನೆ. ಅಂಥ ಊರಿನಲ್ಲಿ ಹಿರಿಯರಿಗೆ ಹೀಗೆ ಹೇಳು, ಹೆಂಗಸರಿಗೆ ಹೀಗೆ ಹೇಳು, ಯುವಕರಿಗೆ ಹಿಡಿತ ಕಲಿಸು ಎಂದು ಒಬ್ಬೊಬ್ಬರ ಹೆಸರಲ್ಲೂ ಪಾಠ ಇದೆ. ಕೃಪೆ ಮೊದಲು, ನಡತೆ ಆಮೇಲೆ. ತಿರುಗಾ ಮುರುಗಾ ಮಾಡಬಾರದು. ಆದರೆ ಎರಡನೆಯದು ಬರಲೇ ಇಲ್ಲವೆಂದರೆ ಮೊದಲನೆಯದು ಒಳಗೆ ಹೋಗಿದೆಯಾ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಮನಸ್ಸಿದೆ, ಆದರೆ ಆಗುತ್ತಿಲ್ಲ. ಏನು ಮಾಡಲಿ?

ಮನಸ್ಸು ಗಟ್ಟಿ ಮಾಡಿಕೋ ಎಂದು ಹೇಳುವವರು ಬಹಳ ಜನ ಇದ್ದಾರೆ. ಅದರಿಂದ ಉಪಯೋಗ ಕಡಿಮೆ. ನಮ್ಮ ಕಡೆಯ ಗರಡಿ ಮನೆಗೆ ಹೋಗಿ ನೋಡಿ. ಮೊದಲ ದಿನವೇ ಹುಡುಗನನ್ನು ಅಖಾಡಕ್ಕೆ ಇಳಿಸಿ ದೊಡ್ಡ ಪೈಲ್ವಾನನ ಮೇಲೆ ಬಿಡುವುದಿಲ್ಲ. ಬೆಳಗ್ಗೆ ಎದ್ದು ಬರುವುದು, ಮಣ್ಣು ಹದ ಮಾಡುವುದು, ಬೈಠಕ್ ಹೊಡೆಯುವುದು, ಹಿರಿಯ ಪೈಲ್ವಾನರ ಕೈಕಾಲು ಒತ್ತುವುದು. ತಿಂಗಳುಗಟ್ಟಲೆ ಇಷ್ಟೇ. ಭಕ್ತಿಯಲ್ಲಿ ನಿನ್ನನ್ನು ಸಾಧನೆ ಮಾಡಿಸಿಕೋ ಎಂದು ಪೌಲ ಯುವಕ ತಿಮೊಥೆಯನಿಗೆ ಬರೆದದ್ದು ಈ ತರಹದ ದಿನನಿತ್ಯದ ಕೆಲಸವನ್ನು (1 ತಿಮೊಥೆಯ 4:7-8).

ಹಾಗಾಗಿ ಚಿಕ್ಕದರಿಂದ ಶುರು ಮಾಡಿ. ಒಂದೇ ಒಂದು ಚಟ ಆರಿಸಿ. ಅದು ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಯಾರ ಜೊತೆ ಇದ್ದಾಗ ಬರುತ್ತದೆ ಎಂದು ಒಂದು ವಾರ ಬರೆದಿಡಿ. ಬಹುತೇಕ ಚಟಗಳಿಗೆ ಒಂದು ಹೊತ್ತು, ಒಂದು ದಾರಿ ಇರುತ್ತದೆ. ಕೆಲಸ ಬಿಟ್ಟು ಬರುವ ದಾರಿ ಬದಲಿಸಿದರೆ ಅರ್ಧ ಜಗಳ ಮುಗಿಯುತ್ತದೆ. ರೋಮಾ 13:14 ಕೂಡ ಶರೀರದ ಆಶೆಗಳಿಗೆ ಮೊದಲೇ ಅನುಕೂಲ ಮಾಡಿಕೊಡಬೇಡಿ ಎನ್ನುತ್ತದೆ. 386ರಲ್ಲಿ ಮಿಲಾನ್ ಊರಿನ ತೋಟವೊಂದರಲ್ಲಿ ಮುಂದೆ ಸಭೆಯ ದೊಡ್ಡ ಬೋಧಕನಾದ ಆಗಸ್ಟೀನ ಓದಿ ದೇವರ ಕಡೆ ತಿರುಗಿಕೊಂಡದ್ದು ಈ ವಚನವನ್ನೇ. ಅವನೂ ವರ್ಷಗಟ್ಟಲೆ ಶುದ್ಧತೆ ಕೊಡು, ಆದರೆ ಈಗಲೇ ಬೇಡ ಎಂದು ಪ್ರಾರ್ಥನೆ ಮಾಡಿದವನು. ನಮ್ಮ ಹುಡುಗರಿಗೆ ಈ ಮಾತು ಹೇಳಿದರೆ ನಗುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ.

ಬೈಬಲಿನಲ್ಲಿ ದ್ರಾಕ್ಷಾರಸ ಇದೆಯಲ್ಲ? ಹಂಗಾದ್ರ ಕುಡಿದರೆ ಏನು?

ಪ್ರತಿ ವರ್ಷ ಬರುವ ಪ್ರಶ್ನೆ. ಕೇಳುವವನು ಸಾಮಾನ್ಯವಾಗಿ ಉತ್ತರ ಮೊದಲೇ ತೀರ್ಮಾನಿಸಿಕೊಂಡು ಬಂದಿರುತ್ತಾನೆ.

ಇದೆ, ಸುಳ್ಳು ಹೇಳಬೇಕಾಗಿಲ್ಲ. ಕಾನಾ ಊರಿನಲ್ಲಿ ಆರು ಕಲ್ಲಿನ ಬಾನೆಗಳ ನೀರು ದ್ರಾಕ್ಷಾರಸವಾಯಿತು. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲ ತಿಮೊಥೆಯನಿಗೆ ಹೇಳಿದ. ಬೈಬಲ್ ಖಂಡಿತವಾಗಿ ಬೇಡ ಎನ್ನುವುದು ಅಮಲನ್ನು (ಎಫೆಸ 5:18). ಬೈಬಲ್ ಓದಿದವರು ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಓದಿದ ಹಾಗೆ. ಜ್ಞಾನೋಕ್ತಿಗಳು 23ನೆಯ ಅಧ್ಯಾಯದ ಕೊನೆಯ ಭಾಗ ಓದಿ. ಕಾರಣವಿಲ್ಲದ ಗಾಯ, ಕೆಂಪೇರಿದ ಕಣ್ಣು, ಹೊಡೆದರೂ ಗೊತ್ತಾಗಲಿಲ್ಲ ಎನ್ನುವವನು, ಎಚ್ಚರಾದ ಕೂಡಲೇ ಮತ್ತೆ ಹುಡುಕಿಕೊಂಡು ಹೋಗುತ್ತೇನೆ ಎನ್ನುವವನು. ಸಾವಿರಾರು ವರ್ಷ ಹಿಂದೆ ಬರೆದವನು ನಮ್ಮ ಓಣಿಯ ತಿರುವಿನಲ್ಲಿ ಸಂಜೆ ನಿಂತು ನೋಡಿ ಬರೆದ ಹಾಗಿದೆ.

ಈಗ ನನ್ನ ಮಾತು. ಊಟದ ಜೊತೆ ಒಂದು ಲೋಟ ದ್ರಾಕ್ಷಾರಸ ಕುಡಿಯುವ ಪದ್ಧತಿ ನಮ್ಮ ಕಡೆ ಇಲ್ಲ. ನಮ್ಮಲ್ಲಿ ಕುಡಿಯುವುದೆಂದರೆ ಬಹುಮಟ್ಟಿಗೆ ಅಮಲೇರಲೆಂದೇ. ಕ್ವಾರ್ಟರ್ ತೆಗೆದುಕೊಂಡು ನಿಂತಲ್ಲೇ ನೀರು ಬೆರೆಸಿ ಮುಗಿಸುವವನು ರುಚಿಗಾಗಿ ಕುಡಿಯುತ್ತಿಲ್ಲ. ನಾನು ಕುಡಿಯುವುದಿಲ್ಲ, ಹುಡುಗರಿಗೂ ಪೂರ್ತಿ ದೂರ ಇರಿ ಎಂದೇ ಹೇಳುತ್ತೇನೆ. ಹಿಡಿತದಲ್ಲಿ ಕುಡಿಯುವ ಕ್ರೈಸ್ತನನ್ನು ಪಾಪಿ ಎಂದು ಕರೆಯುವ ಹಕ್ಕು ಮಾತ್ರ ನನಗಿಲ್ಲ. ಆದರೆ ಅವನ ಪಕ್ಕದಲ್ಲಿ ಕೂತವನಿಗೆ ಹಿಡಿತ ಇಲ್ಲದಿದ್ದರೆ? ಸಹೋದರನು ಎಡವುವುದಾದರೆ ಮಾಂಸ ತಿನ್ನದೆ, ದ್ರಾಕ್ಷಾರಸ ಕುಡಿಯದೆ ಇರುವುದು ಒಳ್ಳೆಯದು (ರೋಮಾ 14:21). ಮತ್ತೆ ಅದೇ ಪ್ರಶ್ನೆ, ಬೆಲೆ ಯಾರು ಕೊಡುತ್ತಾರೆ?

ಆಫೀಸಿನ ಪಾರ್ಟಿಯಲ್ಲಿ ಒತ್ತಾಯ ಮಾಡಿದರೆ ಧರ್ಮೋಪದೇಶ ಬೇಡ. "ನಾ ತಗೊಳ್ಳಂಗಿಲ್ರಿ, ನನಗೊಂದು ಸೋಡಾ ಹೇಳ್ರಿ" ಸಾಕು. ಕಾರಣ ಹೇಳಲು ಹೋದರೆ ವಾದ ಶುರುವಾಗುತ್ತದೆ. ವಾಪಸ್ ಬರುವಾಗ ಎಲ್ಲರನ್ನೂ ಮನೆಗೆ ಬಿಡುವ ಜವಾಬ್ದಾರಿ ನನ್ನದು ಎಂದುಬಿಟ್ಟರೆ ಇನ್ನೂ ಒಳ್ಳೆಯದು, ಎಲ್ಲರಿಗೂ ನೀವು ಬೇಕಾಗುತ್ತೀರಿ.

ನಮ್ಮ ಮನೆಯವನು ಕುಡಿತ ಬಿಡಬೇಕು ಎನ್ನುತ್ತಾನೆ. ಪ್ರಾರ್ಥನೆ ಸಾಕಾ, ಆಸ್ಪತ್ರೆ ಬೇಕಾ?

ಎರಡೂ ಬೇಕು. ಇದು ಜೀವದ ಪ್ರಶ್ನೆ, ಅದಕ್ಕೆ ಗಮನವಿಟ್ಟು ಓದಿ. ವರ್ಷಗಟ್ಟಲೆ ದಿನಾಲೂ ಜಾಸ್ತಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ದೇಹ ತಿರುಗಿ ಬೀಳುತ್ತದೆ. ಕೈ ನಡುಕ, ಬೆವರು, ನಿದ್ದೆ ಇಲ್ಲ. ಕೆಲವರಿಗೆ 6ರಿಂದ 48 ತಾಸಿನೊಳಗೆ ಫಿಟ್ಸ್ ಬರಬಹುದು. ಎರಡು-ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣುವುದು, ಗೊಂದಲ, ಜ್ವರ ಶುರುವಾದರೆ ಜೀವಕ್ಕೇ ಅಪಾಯ. ಉಪವಾಸ ಪ್ರಾರ್ಥನೆಯಲ್ಲಿ ಸಾಕ್ಷಿ ಹೇಳಿ (ದೇವರು ತನ್ನನ್ನು ಬದಲಿಸಿದ ಎಂದು ಎಲ್ಲರ ಮುಂದೆ ಹೇಳಿ) ಅಂದೇ ಬಾಟಲಿ ಒಡೆದು ಹಾಕಿದ ಮನುಷ್ಯನನ್ನು ಮನೆಯಲ್ಲಿ ಒಬ್ಬನೇ ಬಿಡಬೇಡಿ. ಮನೆಯವರು ನಡುಕವನ್ನು ದೆವ್ವದ ಕಾಟ ಎಂದುಕೊಂಡು ತಡಮಾಡುವುದುಂಟು.

ಡಾಕ್ಟರ ಕೈಯಲ್ಲಿ, ಗುಳಿಗೆಯ ಸಹಾಯದಿಂದ ಬಿಡಿಸಿ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ಚಿಕಿತ್ಸೆ ಇದೆ. ಗದಗ, ಹಾವೇರಿಯವರು ಮೊದಲು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಬಹುದು. ಫೋನಿನಲ್ಲಿ ಮಾತಾಡಬೇಕೆಂದರೆ 14416 ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಅದರಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಚಟದ ವಿಷಯಕ್ಕೆ 14446 ಇದೆ. ಎರಡಕ್ಕೂ ದುಡ್ಡಿಲ್ಲ. ಸಭೆಯ ಕೆಲಸ ಆಮೇಲೆ ಶುರುವಾಗುತ್ತದೆ. ಸಂಜೆ ಆರರಿಂದ ಒಂಬತ್ತು ಅವನಿಗೆ ಕಷ್ಟದ ಹೊತ್ತು. ಆ ಹೊತ್ತಿಗೆ ಯಾರಾದರೂ ಅವನ ಜೊತೆ ಉಣಕಲ್ ಕೆರೆಯ ಕಡೆಗೋ ಗ್ರೌಂಡಿಗೋ ನಡೆದು ಬಂದರೆ ಅದೂ ಪ್ರಾರ್ಥನೆಯೇ.

ಗಂಡ ಕುಡಿದು ಬಂದು ಹೊಡೆಯುತ್ತಾನೆ. ತಾಳಿಕೊಳ್ಳುವುದೇ ಭಕ್ತಿಯಾ?

ಅಲ್ಲ ಅವ್ವ. ತಾಳ್ಮೆ ಆತ್ಮದ ಫಲ ಹೌದು (ಗಲಾತ್ಯ 5:22). ಅದನ್ನು ತೋರಿಸಿ ಒಬ್ಬಳನ್ನು ಪೆಟ್ಟು ತಿನ್ನಲು ಕಳಿಸುವುದು ವಾಕ್ಯದ ದುರುಪಯೋಗ. ಪ್ರಾಣದ ಭಯ ಇದ್ದರೆ 112, ಸಲಹೆ ಮತ್ತು ಆಸರೆಗೆ ಮಹಿಳಾ ಸಹಾಯವಾಣಿ 181. ಮೊದಲು ಮಕ್ಕಳನ್ನು ಕರೆದುಕೊಂಡು ಸುರಕ್ಷಿತ ಜಾಗಕ್ಕೆ ಹೋಗಿ. ಪ್ರಾರ್ಥನೆ ಅಲ್ಲಿಂದಲೂ ಮಾಡಬಹುದು. ಸಭೆಯ ಹಿರಿಯರು ಆ ಮನೆಗೆ ಹೋಗಿ ಮಾತಾಡಬೇಕಾದ್ದು ಗಂಡನ ಹತ್ತಿರ. ಹೆಂಡತಿಗೆ ಬುದ್ಧಿ ಹೇಳಲು ಹೋಗುವ ಹಿರಿಯರು ದಯವಿಟ್ಟು ಮನೆಯಲ್ಲೇ ಇರಲಿ.

ಸಾವಜಿ ಖಾನಾವಳಿಗೆ ಹೋಗಬಹುದಾ?

ಖಾರದ ಮಾಂಸದೂಟಕ್ಕೆ ಹೆಸರಾದ ಜಾಗ ಅದು. ಹೋಗಿ. ಉಂಡು ಸ್ತೋತ್ರ ಹೇಳಿ. ಖಾರ ಸಹಿಸುವುದು ನಿಮ್ಮ ಹೊಟ್ಟೆಗೆ ಬಿಟ್ಟದ್ದು.

ಸಾಲ ಮಾಡಿ ಮದುವೆ ಜೋರಾಗಿ ಮಾಡುವುದು ತಪ್ಪಾ? ಒಬ್ಬಳೇ ಮಗಳು.

ಒಬ್ಬಳೇ ಮಗಳು, ಒಬ್ಬನೇ ಮಗ, ದೊಡ್ಡ ಮೊಮ್ಮಗಳು. ಪ್ರತಿ ಮದುವೆಗೂ ಇಂಥದೊಂದು ಕಾರಣ ಸಿಗುತ್ತದೆ. ಸಂತೋಷಪಡಿ, ಊರಿಗೆ ಊಟ ಹಾಕಿ. ಯೇಸು ಮಾಡಿದ ಮೊದಲ ಸೂಚಕಕಾರ್ಯವೇ (ಪವಾಡವೇ) ದ್ರಾಕ್ಷಾರಸ ಮುಗಿದ ಮದುವೆ ಮನೆಯ ಮರ್ಯಾದೆ ಉಳಿಸಿದ್ದು.

ಆದರೆ ಲೆಕ್ಕ ಹಾಕೋಣ. ಕೈಸಾಲದ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ಎಂದಿಟ್ಟುಕೊಳ್ಳಿ. ಎರಡು ಲಕ್ಷಕ್ಕೆ ತಿಂಗಳಿಗೆ 6,000, ವರ್ಷಕ್ಕೆ 72,000. ಅಸಲು ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಮದುವೆಗೆ ಮುಂಚಿನ ಫೋಟೋಶೂಟ್, ಡ್ರೋನ್, ಹೂವಿನ ವೇದಿಕೆ, ಡಿಜೆ, ಇವಿಷ್ಟೇ ಆ ಎರಡು ಲಕ್ಷ ನುಂಗುತ್ತವೆ. ವೇದಿಕೆಯ ಹೂವು ಮಾರನೆಯ ದಿನ ಬೆಳಗ್ಗೆ ಕಲ್ಯಾಣ ಮಂಟಪದ ಹಿಂದೆ ಗುಡ್ಡೆ ಬಿದ್ದಿರುತ್ತದೆ. ಬಡ್ಡಿ ಮಾತ್ರ ಮೊಮ್ಮಗುವಿನ ದೀಕ್ಷಾಸ್ನಾನಕ್ಕೂ ಬಂದು ಕೂತಿರುತ್ತದೆ. ಅದನ್ನು ಕಟ್ಟುವವರು ಯಾರು? ಎಷ್ಟೋ ಮನೆಗಳಲ್ಲಿ ಮದುಮಗಳ ತಮ್ಮ. ಡಿಪ್ಲೊಮಾ ಬಿಟ್ಟು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸಕ್ಕೆ ಸೇರಿದ ಹುಡುಗನನ್ನು ಯಾಕಪ್ಪಾ ಎಂದು ಕೇಳಿದರೆ "ಅಕ್ಕನ ಮದುವಿ ಸಾಲ ಐತ್ರಿ" ಎನ್ನುತ್ತಾನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದಕ್ಕೆ ಬೈಬಲಿನದೂ ಒಪ್ಪಿಗೆ ಇದೆ. ಇದ್ದುದರಲ್ಲಿ ತೃಪ್ತಿಪಡುವ ಭಕ್ತಿ ದೊಡ್ಡ ಲಾಭ ಎನ್ನುತ್ತದೆ 1 ತಿಮೊಥೆಯ 6:6. ಜನ ಏನಂದಾರು ಎನ್ನುವವರಿಗೆ ಒಂದು ಮಾತು. ಜನ ಮದುವೆ ಊಟ ಉಂಡು ಹೇಗೂ ಏನಾದರೊಂದು ಅನ್ನುತ್ತಾರೆ.

ಬೆಳೆ ಮಾರಿದಾಗ ಒಟ್ಟಿಗೆ ರೊಕ್ಕ ಬರುತ್ತದೆ, ತಿಂಗಳಲ್ಲಿ ಖಾಲಿ. ಹಿಡಿಯುವುದು ಹೇಗೆ?

ಹಾವೇರಿ ಕಡೆಯವರ ಪ್ರಶ್ನೆ ಇದು. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹಾಕಿ ಬಂದ ದಿನ ವರ್ಷದ ದುಡಿಮೆ ಒಂದೇ ಸಲಕ್ಕೆ ಕೈಗೆ ಬರುತ್ತದೆ. ಸಂಬಳದವನಿಗೆ ಈ ಕಷ್ಟ ಗೊತ್ತಾಗುವುದಿಲ್ಲ. ರೊಕ್ಕ ಬಂದ ಸಂಜೆಯೇ ಗಂಡ-ಹೆಂಡತಿ ಇಬ್ಬರೂ ಕೂತು ಪಾಲು ಮಾಡಿ. ಸೊಸೈಟಿ ಸಾಲ, ಮುಂದಿನ ಬೀಜ-ಗೊಬ್ಬರ, ಆಳಿನ ಬಾಕಿ, ಮಕ್ಕಳ ಫೀ, ದೇವರ ಪಾಲು, ತಿಂಗಳ ಕಿರಾಣಿ. ಇವು ತೆಗೆದ ಮೇಲೆ ಉಳಿದದ್ದರಲ್ಲಿ ಮನೆಯವರಿಗೆಲ್ಲ ಒಂದು ಖುಷಿಯ ಖರ್ಚು ಮಾಡಿ. ಅದನ್ನು ಬಿಟ್ಟರೆ ಮನಸ್ಸು ಬೇರೆ ಕಡೆ ಕದ್ದು ಖರ್ಚು ಮಾಡುತ್ತದೆ. ಆಳಿನ ಬಾಕಿಯನ್ನು ಮುಂದಿನ ವಾರಕ್ಕೆ ದೂಡಬೇಡಿ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗುತ್ತದೆ ಎಂದು ಯಾಕೋಬನ ಪತ್ರ 5:4 ಹೇಳುತ್ತದೆ. ಅದರ ಮರುವಚನವೇ ಭೋಗದಲ್ಲಿ ಬದುಕಿದವರ ಬಗ್ಗೆ ಇದೆ. ಎರಡೂ ಅಕ್ಕಪಕ್ಕ ಇರುವುದು ಸುಮ್ನೆ ಅಲ್ಲ.

ಇದೇ ರೊಕ್ಕ ರಮ್ಮಿ, ಐಪಿಎಲ್ ಬೆಟ್ಟಿಂಗ್, ಓಸಿಗೆ (ಮಟ್ಕಾ ಜೂಜಿಗೆ) ಹೋಗುವುದೂ ಉಂಟು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕೇಂದ್ರ ಸರ್ಕಾರವೇ ಕಾನೂನು ಮಾಡಿ ನಿಷೇಧಿಸಿದೆ. ಇನ್ನು ಬೈಬಲಿನಲ್ಲಿ ರಮ್ಮಿ ಬೇಡ ಎಂದು ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ.

ಪಕ್ಕದ ಮನೆಯವರು ಶ್ರಾವಣದಲ್ಲಿ ಮಾಂಸ ಬಿಡುತ್ತಾರೆ. ನಮ್ಮಲ್ಲಿ ಅಂಥ ನೇಮ ಯಾಕಿಲ್ಲ?

ಇದೆ, ನಾವೇ ಸಡಿಲ ಬಿಟ್ಟಿದ್ದೇವೆ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ 46 ದಿನ. ಅದರಲ್ಲಿ ಆರು ಭಾನುವಾರ ತೆಗೆದರೆ ಲೆಂಟ್ ಎಂಬ ಉಪವಾಸ ಕಾಲದ 40 ದಿನ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಉಪವಾಸದ ಲೆಕ್ಕಕ್ಕೆ ಬರುವುದಿಲ್ಲ. ಶ್ರಾವಣ ಹಿಡಿಯುವ ನೆರೆಯವರನ್ನು ಕಂಡು ಸುಮ್ನೆ ಆಚಾರ ಎಂದು ನಗುವವರು ನಮ್ಮಲ್ಲಿದ್ದಾರೆ. ಅವರ ನೇಮದ ಅರ್ಧದಷ್ಟು ನಮಗೆ ಇದ್ದರೆ ಸಾಕಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ನಮ್ಮ ಕಡೆ ಲೆಂಟ್ ಹಿಡಿಯುವವರು ಹೇಗೆ ಹಿಡಿಯುತ್ತಾರೆ ಗೊತ್ತಲ್ಲ. 40 ದಿನ ಮಟನ್ ಬಂದ್. ಬೂದಿ ಬುಧವಾರದ ಹಿಂದಿನ ರಾತ್ರಿ ಬಿರಿಯಾನಿ, ಈಸ್ಟರ್ ಮಧ್ಯಾಹ್ನ ಎರಡು ಪಟ್ಟು ಬಿರಿಯಾನಿ. ನಡುವೆ ಪನೀರ್. ಖರ್ಚು ಒಂದು ಪೈಸೆ ಕಡಿಮೆಯಾಗಿಲ್ಲ, ಮೆನು ಬದಲಾಯಿತು ಅಷ್ಟೇ. ಯೆಶಾಯ 58 ಹೇಳುವ ಉಪವಾಸ ಬೇರೆ. ಹಸಿದವನಿಗೆ ರೊಟ್ಟಿ ಹಂಚುವುದು, ಮನೆಯಿಲ್ಲದವನಿಗೆ ಆಸರೆ, ದಬ್ಬಾಳಿಕೆಯ ನೊಗ ಮುರಿಯುವುದು. ಅಂದರೆ ಬಿಟ್ಟ ಊಟದ ದುಡ್ಡು ಎಲ್ಲಿಗೆ ಹೋಯಿತು ಎನ್ನುವುದೂ ಉಪವಾಸದ ಭಾಗ. ವಾರಕ್ಕೆ ಬಿಟ್ಟ ಮಟನಿನ ದುಡ್ಡನ್ನು ಒಂದು ಡಬ್ಬಿಯಲ್ಲಿ ಹಾಕಿ. ಗುಡ್ ಫ್ರೈಡೇ ದಿನ ಡಬ್ಬಿ ತೆರೆದು ನಿಮ್ಮ ಓಣಿಯಲ್ಲೇ ಯಾರಿಗೆ ಬೇಕೋ ಅವರಿಗೆ ಕೊಡಿ. ಎಡಗೈಗೆ ಗೊತ್ತಾಗದ ಹಾಗೆ.

ಶುಗರ್ ಇದ್ದವರು, ಗರ್ಭಿಣಿಯರು, ಬಾಣಂತಿಯರು, ಕಾಯಿಲೆಯವರು ಊಟ ಬಿಡಬೇಡಿ. ಇನ್ಸುಲಿನ್ ತೆಗೆದುಕೊಂಡು ಉಪವಾಸ ಮಾಡುವುದು ಭಕ್ತಿ ಅಲ್ಲ, ಅಪಾಯ. ನಿಮ್ಮ ಉಪವಾಸ ಟಿವಿಗೆ ಇರಲಿ, ನಾಲಿಗೆಗೆ ಇರಲಿ.

ರಾತ್ರಿ ಫೋನ್ ಬಿಡಲಾಗುತ್ತಿಲ್ಲ. ನೋಡಬಾರದ್ದನ್ನೂ ನೋಡುತ್ತೇನೆ.

ಇದನ್ನು ಕೇಳುವವರು ಕಣ್ಣೆತ್ತಿ ನೋಡದೆ ಕೇಳುತ್ತಾರೆ. ಹೆದರಬೇಡಿ, ನೀವೊಬ್ಬರೇ ಅಲ್ಲ. ಮದುವೆಯಾದವರೂ ಕೇಳಿದ್ದಾರೆ, ಹೆಣ್ಣುಮಕ್ಕಳೂ ಕೇಳಿದ್ದಾರೆ.

ಸಾವಿರ ರೀಲ್ಸ್ ನೋಡಿದ ರಾತ್ರಿಯ ಬಗ್ಗೆ ಮೊದಲು ಹೇಳುತ್ತೇನೆ, ಯಾಕೆಂದರೆ ಕೆಟ್ಟದ್ದು ಬರುವುದು ಅದರ ಬಾಲ ಹಿಡಿದು. ಹನ್ನೊಂದಕ್ಕೆ ಐದು ನಿಮಿಷ ಎಂದು ಕೂತವನು ಒಂದೂವರೆಗೆ ಏಳುತ್ತಾನೆ. ಆ ಹೊತ್ತಿಗೆ ದಣಿದಿರುತ್ತಾನೆ, ಒಬ್ಬನೇ ಇರುತ್ತಾನೆ. ಬೇಡ ಎನ್ನುವ ಶಕ್ತಿ ಅಷ್ಟೊತ್ತಿಗೆ ಎಲ್ಲಿ ಉಳಿದಿರುತ್ತದೆ? ಏಸಾವ ಬೇಟೆಯಿಂದ ದಣಿದು ಬಂದಾಗಲೇ ತಾನೇ ಒಂದು ತಟ್ಟೆ ಬೇಳೆಯ ಸಾರಿಗೆ ಚೊಚ್ಚಲ ಮಗನ ಹಕ್ಕನ್ನು ಮಾರಿದ್ದು (ಆದಿಕಾಂಡ 25)? ಹೊಟ್ಟೆ ತುಂಬಿ ಬೆಳಗ್ಗೆ ಕೂತು ವ್ಯಾಪಾರ ಮಾಡಿದ್ದರೆ ಮಾರುತ್ತಿರಲಿಲ್ಲ. ಹಾಗಾಗಿ ರಾತ್ರಿ ಹತ್ತರ ಪ್ರಶ್ನೆಗೆ ಸಂಜೆ ಏಳಕ್ಕೆ ಉತ್ತರ ಹುಡುಕಬೇಕು. ಚಾರ್ಜರ್ ಪಡಸಾಲೆಯಲ್ಲಿ ಇರಲಿ, ಮಲಗುವ ಕೋಣೆಯಲ್ಲಿ ಬೇಡ. ಎಬ್ಬಿಸಲು ಇನ್ನೂರು ರೂಪಾಯಿಯ ಅಲಾರಾಂ ಗಡಿಯಾರ ತನ್ನಿ. ಅಲಾರಾಂ ಇಡಬೇಕಲ್ಲ ಎಂಬ ನೆಪವೇ ಫೋನನ್ನು ದಿಂಬಿನ ಹತ್ತಿರ ತರುವುದು.

ಮತ್ತೆ ಒಬ್ಬರಿಗಾದರೂ ಹೇಳಿ. ಗುಂಪಿನಲ್ಲಿ ಬೇಡ, ಬಾಯಿ ಬಿಗಿ ಇರುವ ಒಬ್ಬ ಹಿರಿಯ ಅಣ್ಣನಿಗೆ, ಹೆಣ್ಣುಮಕ್ಕಳಾದರೆ ಒಬ್ಬ ಅಕ್ಕನಿಗೆ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಎಂದು ಯಾಕೋಬ 5:16ರಲ್ಲಿದೆ. ನಾವು ಅದನ್ನು ಓದುತ್ತೇವೆ, ಮಾಡುವುದು ಕಡಿಮೆ.

ಬಂಗಾರ ಹಾಕಬಾರದಾ? ಹೂವು ಮುಡಿಯಬಾರದಾ?

ಕೆಲವು ಸಭೆಗಳಲ್ಲಿ ಬೇಡ ಎನ್ನುತ್ತಾರೆ, ಹೆಚ್ಚಿನವುಗಳಲ್ಲಿ ಇಲ್ಲ. 1 ಪೇತ್ರ 3:3-4 ಒಳಗಿನ ಅಲಂಕಾರ ಮುಖ್ಯ ಎನ್ನುತ್ತದೆ. ಬಂಗಾರ ತೆಗೆದಿಟ್ಟು ಹಾಕಿಕೊಂಡವಳನ್ನು ಆಡಿಕೊಳ್ಳುವುದಾದರೆ ಹಾಕಿಕೊಳ್ಳುವುದೇ ವಾಸಿ. ಮುಟ್ಟಬೇಡ, ರುಚಿ ನೋಡಬೇಡ ಎನ್ನುವ ಕಟ್ಟಳೆಗಳು ಹೊರಗೆ ಜ್ಞಾನದಂತೆ ಕಾಣುತ್ತವೆ, ಒಳಗಿನ ಆಶೆ ಅಡಗಿಸಲು ಉಪಯೋಗವಿಲ್ಲ ಎಂದು ಕೊಲೊಸ್ಸೆ 2:20-23ರಲ್ಲಿದೆ.

ಮಿಶನ್ ಕಾಲದ ಹಿರಿಯರು ಬಹಳ ಶಿಸ್ತಿನವರಂತೆ. ನಾವು ಹಾಳಾದೆವಾ?

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಅವರಲ್ಲಿ ಬಹಳ ಜನ ಜರ್ಮನಿಯ ವ್ಯೂರ್ಟೆಂಬರ್ಗ್ ಕಡೆಯ ಕ್ರೈಸ್ತ ಭಕ್ತಿ ಚಳವಳಿಯಿಂದ ಬಂದವರು. ಮುಂಜಾನೆ ಪ್ರಾರ್ಥನೆ, ದುಡಿಮೆ, ಮಿತವಾದ ಖರ್ಚು, ಕುಡಿತ ಬೇಡ, ಇದು ಅವರ ಮನೆಯ ನಡತೆ. ಅದೇ ಸಭೆಯ ನಡತೆಯೂ ಆಯಿತು. ಕುಲ ಬಿಟ್ಟು ಬಂದವರಿಗೆ ಕಸುಬೂ ಹೋಗುತ್ತಿತ್ತು. ಅದಕ್ಕೆ ಮಿಶನ್ ನೇಯ್ಗೆ ಕಲಿಸಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. 1853ರಲ್ಲಿ ಇಲ್ಲಿಗೆ ಬಂದ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ವರ್ಷಗಟ್ಟಲೆ ಕೂತು ಪದ ಕೂಡಿಸುವ ತಾಳ್ಮೆ ಒಂದೇ ದಿನಕ್ಕೆ ಬಂದದ್ದಲ್ಲ.

ಆದರೆ ಹಳೆಯದೆಲ್ಲ ಬಂಗಾರ ಎನ್ನಲಾರೆ. ಬಿಗಿ ಶಿಸ್ತಿನ ಕಾಲದಲ್ಲಿ ಮುಚ್ಚಿಟ್ಟುಕೊಂಡು ಮಾಡುವುದೂ ಇರುತ್ತದೆ, ಹೊರಗೆ ಬಿಳಿ ಬಟ್ಟೆ ಒಳಗೆ ಬೇರೆ. ಬಿದ್ದವನು ಸಭೆಗೆ ಬರಲು ಹೆದರುತ್ತಾನೆ. ಇಂದಿನ ಹುಡುಗರು ಬಾಯಿಬಿಟ್ಟು ಕೇಳುತ್ತಾರೆ. ಅದು ನನಗೆ ಇಷ್ಟ.

ದೇವರಿಗೆ ಕೊಡುವುದರಲ್ಲೂ ಭೋಗ ಇರುತ್ತದಾ?

ಸಭೆಯ ಸುಗ್ಗಿ ಹಬ್ಬದಲ್ಲಿ ಜನ ತಂದ ಕಾಣಿಕೆಗಳ ಹರಾಜು ನೋಡಿದ್ದೀರಲ್ಲ. ಜೋಳದ ತೆನೆ, ಕುಂಬಳಕಾಯಿ, ನಾಟಿ ಕೋಳಿ, ಯಾರೋ ಅಜ್ಜಿ ತಂದ ಒಂದು ತೆಂಗಿನಕಾಯಿ. ಕಾಯಿ ಐವತ್ತಕ್ಕೆ ಶುರುವಾಗಿ ಐದು ಸಾವಿರಕ್ಕೆ ಹೋಗುತ್ತದೆ. ಬಹಳ ಸಲ ಅದು ಖುಷಿಯ ಆಟ, ಸಭೆಗೂ ಲಾಭ. ಕೆಲವು ಸಲ ಮಾತ್ರ ಇಬ್ಬರು ಯಜಮಾನರ ನಡುವಿನ ಹಳೆಯ ಸೇಡು ತೆಂಗಿನಕಾಯಿಯ ಮೇಲೆ ತೀರುತ್ತದೆ. ಎಲ್ಲರೂ ನೋಡುತ್ತಿದ್ದಾರೆ ಎಂಬ ಸುಖವೂ ಒಂದು ಸುಖವೇ, ಅದರ ಚಟವೂ ಬಿಡುವುದು ಕಷ್ಟ. ಅಲ್ಲಿ ಐದು ಸಾವಿರ ಕೂಗಿದವರು ಮನೆಯಲ್ಲಿ ಪಾತ್ರೆ ತಿಕ್ಕುವವಳಿಗೆ ಇನ್ನೂರು ಹೆಚ್ಚು ಕೊಡಲು ಆರು ತಿಂಗಳು ಯೋಚನೆ ಮಾಡುತ್ತಿದ್ದರೆ, ಆ ಕಾಯಿ ದೇವರಿಗೆ ಮುಟ್ಟಿತಾ ಎಂದು ನನಗೆ ಅನುಮಾನ.

ಡಿಸೆಂಬರ್ 31ಕ್ಕೆ ಗೆಳೆಯರು ಗೋವಾ ಎನ್ನುತ್ತಾರೆ. ಹೋಗಲಾ, ವರ್ಷದ ಕೊನೆಯ ರಾತ್ರಿಯ ವಾಚ್‌ನೈಟ್ ಆರಾಧನೆಗೆ ಇರಲಾ?

ಸಮುದ್ರ ಅಲ್ಲೇ ಇರುತ್ತದೆ, ಜನವರಿಯಲ್ಲಿ ಹೋಗಿ. ಆಗ ರೂಮೂ ಅಗ್ಗ.

ಮತ್ತೆ ಮತ್ತೆ ಬೀಳುತ್ತೇನೆ. ನನ್ನಂಥವನಿಗೆ ಆರಾಧನೆಗೆ ಬರುವ ಮುಖ ಇದೆಯಾ?

ಬನ್ನಿ. ನೀತಿವಂತನು ಏಳು ಸಲ ಬಿದ್ದರೂ ಮತ್ತೆ ಏಳುವನು (ಜ್ಞಾನೋಕ್ತಿಗಳು 24:16). ಪೇತ್ರ ಮೂರು ಸಲ ಯೇಸುವನ್ನು ಅರಿಯೆ ಎಂದವನು, ಅವನಿಗೇ ಕುರಿ ಮೇಯಿಸುವ ಕೆಲಸ ಸಿಕ್ಕಿತು. ಬಿದ್ದ ವಾರವೇ ಬರಬೇಕು, ಚೆನ್ನಾಗಿದ್ದ ವಾರ ಬಂದರೆ ಅದರಲ್ಲೇನು ದೊಡ್ಡದು? ಬಿದ್ದಾಗ ನಾಚಿಕೆಯಿಂದ ಮನೆಯಲ್ಲಿ ಕೂತರೆ ಆ ನಾಚಿಕೆಯೇ ಮತ್ತೆ ಅದೇ ಚಟದ ಹತ್ತಿರ ಕಳಿಸುತ್ತದೆ. ಬೆಂಚಿನ ಹಿಂದಿನ ಸಾಲಿನಲ್ಲಿ ಕೂತರೂ ಸರಿ.

ಚಟ ಬಿಟ್ಟೆ. ದೇವರು ಕ್ಷಮಿಸಿದ್ದಾನೆ. ಹಳೆಯ ಸಾಲ ತೀರಿಸಲೇಬೇಕಾ?

ಬೇಕು. ಯೇಸು ಮನೆಗೆ ಬಂದ ದಿನ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಎಂದ (ಲೂಕ 19:8). ನಿಮ್ಮಿಂದ ನಾಲ್ಕರಷ್ಟು ಆಗಲಿಕ್ಕಿಲ್ಲ, ಒಂದರಷ್ಟಾದರೂ ಆಗಬೇಕು.

ಒಂದು ನೋಟ್‌ಬುಕ್ ತೆಗೆದುಕೊಂಡು ಯಾರಿಗೆ ಎಷ್ಟು ಎಂದು ಪೂರ್ತಿ ಬರೆಯಿರಿ, ಹೆಂಡತಿಯ ಮುಂದೆ ಕೂತು. ಅವಳಿಗೆ ನಿಮಗಿಂತ ಜಾಸ್ತಿ ನೆನಪಿರುತ್ತದೆ. ಜೋರು ಮಾಡುವವನಿಗೆ ಮೊದಲು ಕೊಡುವುದು ನಮ್ಮ ರೂಢಿ. ಹಾಗೆ ಮಾಡಬೇಡಿ. ಬ್ಯಾಂಕಿನ ಕಂತು ತಪ್ಪಿಸದೆ ಕಟ್ಟುತ್ತಾ, ಉಳಿದವರಲ್ಲಿ ಬಡವರಿಗೆ ಮೊದಲು ಕೊಡಿ. ಉದ್ರಿ ಬರೆದುಕೊಂಡು ಸುಮ್ಮನಿದ್ದ ಓಣಿಯ ಕಿರಾಣಿಯವನು, ಭಿಶಿ (ಚೀಟಿ ಹಣ) ಎತ್ತಿ ಕೊಟ್ಟ ತಂಗಿ, ಕಿವಿಯ ಬೆಂಡೋಲೆ ಅಡವಿಟ್ಟ ಅತ್ತೆ. ಒಮ್ಮೆಲೇ ಆಗದಿದ್ದರೆ ತಿಂಗಳಿಗೆ ಐನೂರು ಎಂದು ಹೇಳಿ, ಹೇಳಿದ ತಾರೀಖಿಗೆ ಕೊಡಿ. ಕೊಡುವಾಗ ಸಾಕ್ಷಿ ಹೇಳಬೇಕಾಗಿಲ್ಲ. ಕಿರಾಣಿಯವನಿಗೆ ನಿಮ್ಮ ಹೆಸರಿನ ಮುಂದೆ ಗೆರೆ ಎಳೆಯಲು ಹೇಳಿ, ಮುಂದಿನ ಸಲದಿಂದ ನಗದು ಕೊಟ್ಟು ಸಾಮಾನು ತನ್ನಿ.